ಕಾಯಿಲ್ ಬದಲಿಸುವ ಮುನ್ನ ಪರೀಕ್ಷೆ ಮಾಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಬಂದ ಲೇಖನ ಕಾರು ಮಾಲೀಕರಿಗೆ ಒಂದು ಸಲಹೆ ಕೊಟ್ಟಿತ್ತು. ಈಗಿನ ಎಂಜಿನ್‌ಗಳು ಕಂಪ್ಯೂಟರ್ ನಿಯಂತ್ರಣದಲ್ಲಿ ನಡೆಯುತ್ತವೆ, ಪೆಟ್ರೋಲಿಗೆ ಕಿಡಿ ಹೊತ್ತಿಸುವ ಅವುಗಳ ಇಗ್ನಿಷನ್ ವ್ಯವಸ್ಥೆ ಸಾಮಾನ್ಯರಿಗಾಗಲಿ ಊರಿನ ಗ್ಯಾರೇಜಿನವರಿಗಾಗಲಿ ಅರ್ಥವಾಗುವಂಥದ್ದಲ್ಲ, ಚೆಕ್ ಎಂಜಿನ್ ಲೈಟು ಹತ್ತಿದರೆ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ ಅದು ತೋರಿಸಿದ ಭಾಗವನ್ನು ಬದಲಿಸಿಕೊಳ್ಳಿ ಎಂದು. ಸಾಗರದಲ್ಲಿ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡಿಕೊಂಡು ಬಂದಿರುವ ನಾನು ಈ ಸಲಹೆಯನ್ನು ಒಪ್ಪಲಾರೆ. ಕೆಟ್ಟ ಭಾಗ ಇಂಥದ್ದೇ ಎಂದು ಸ್ಕ್ಯಾನರ್ ಹೇಳುವುದಿಲ್ಲ. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಯಾವ ಸಿಲಿಂಡರಿನಲ್ಲಿ ಉರಿ ತಪ್ಪಿತು ಎಂಬುದನ್ನು ಹೇಳಿ ಅದು ಸುಮ್ಮನಾಗುತ್ತದೆ. ಏಕೆ ತಪ್ಪಿತು ಎಂಬುದನ್ನು ಬಾನೆಟ್ ಎತ್ತಿದವನೇ ಹುಡುಕಬೇಕು. ಹುಡುಕುವವನಿಗೆ ವ್ಯವಸ್ಥೆ ಅರ್ಥವಾಗಿರಬೇಕು. ಅದು ಅರ್ಥವಾಗದಷ್ಟು ಗಹನವಾದದ್ದೇನೂ ಅಲ್ಲ. ನಿಮ್ಮ ಓದುಗರಿಗೆ ಅದನ್ನು ವಿವರಿಸಬೇಕೆಂದೇ ಈ ದೀರ್ಘ ಪತ್ರ ಬರೆಯುತ್ತಿದ್ದೇನೆ.

ನಾನು ಐಟಿಐ ಮುಗಿಸಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳೇ ಹೆಚ್ಚು. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪು ಬಿಚ್ಚಿದರೆ ಒಳಗೆ ಟಂಗ್‌ಸ್ಟನ್ನಿನ ಎರಡು ಸಣ್ಣ ಗುಂಡಿಗಳು ಎದುರುಬದುರಾಗಿ ಕಾಣುತ್ತಿದ್ದವು. ಕಿಡಿ ಹುಟ್ಟಿಸುವ ಕಾಯಿಲಿಗೆ ಹೋಗುವ ಕರೆಂಟನ್ನು ಕಡಿಯುವ ಪಾಯಿಂಟು ಅದೇ. ನಡುವಿನ ಶಾಫ್ಟಿನ ನಾಲ್ಕು ಉಬ್ಬುಗಳು ತಿರುಗುತ್ತಾ ಪಾಯಿಂಟನ್ನು ತಳ್ಳಿ ತೆರೆಯುತ್ತಿದ್ದವು. ತೆರೆದಾಗಿನ ಸಂದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಫೀಲರ್ ಗೇಜ್ ಹಾಕಿ ಅದನ್ನು ಕೂರಿಸುವುದೇ ನಮ್ಮ ಮೊದಲ ಪಾಠ. ಪ್ರತಿ ಸಲ ತೆರೆದಾಗಲೂ ಗುಂಡಿಗಳ ನಡುವೆ ಸಣ್ಣ ಕಿಡಿ ಹಾರಿ, ಕಾಲಕ್ರಮದಲ್ಲಿ ಒಂದರ ಮೇಲೆ ಹಳ್ಳವೂ ಎದುರಿನದರ ಮೇಲೆ ದಿಬ್ಬವೂ ಏಳುತ್ತಿದ್ದವು. ಉಬ್ಬಿಗೆ ಉಜ್ಜುವ ಫೈಬರ್ ತುಂಡು ಸವೆದಂತೆ ಸಂದು ಕಿರಿದಾಗಿ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಹಿಂದೆ ಬೀಳುತ್ತಿತ್ತು. ಪಿಕಪ್ ಇಲ್ಲ ಎಂದು ಚಾಲಕರು ಬರುತ್ತಿದ್ದರು. ನಾವು ಪಾಯಿಂಟು ಉಜ್ಜಿ, ಅಲ್ಲಿನ ಕಿಡಿಯನ್ನು ತಗ್ಗಿಸುವ ಕಂಡೆನ್ಸರ್ ಬದಲಿಸಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಕಳುಹಿಸುತ್ತಿದ್ದೆವು. ಈ ಏರ್ಪಾಡನ್ನು ರೂಪಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಳಕೆಗೆ ಬಂತು, ಮುಂದೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಕಾರುಗಳನ್ನು ಓಡಿಸಿತು. ಸಿಲಿಂಡರಿನೊಳಗೆ ಕಿಡಿ ಹಾರಿಸುವ ಪ್ಲಗ್ಗು ಎಂದರೆ ನಮಗೆ ಮೈಕೋ ಪ್ಲಗ್ಗು. 1951ರಲ್ಲಿ ಆರಂಭವಾದ ಆ ಕಂಪನಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಪ್ಲಗ್ಗು ಮಾಡುತ್ತಿತ್ತು. 2008ರಲ್ಲಿ ಅದರ ಹೆಸರು ಬಾಷ್ ಎಂದು ಬದಲಾದರೂ ನಮ್ಮ ಕಡೆಯ ಹಳಬರ ಬಾಯಲ್ಲಿ ಅದು ಇಂದಿಗೂ ಮೈಕೋ.

ಈಗ ಪಾಯಿಂಟು ಹೋಗಿದೆ, ರೋಟರ್ ಹೋಗಿದೆ, ಡಿಸ್ಟ್ರಿಬ್ಯೂಟರೇ ಹೋಗಿದೆ. ಆದರೆ ಕಿಡಿ ಹುಟ್ಟುವ ತತ್ವ ಕೆಟರಿಂಗ್ ಕಾಲದ್ದೇ. ತೋಟಕ್ಕೆ ನೀರು ಹಾಯಿಸುವವರಿಗೆ ಇದನ್ನು ಹೇಳುವುದು ಸುಲಭ. ಪಂಪಿನ ನೀರು ಪೈಪಿನಲ್ಲಿ ರಭಸದಿಂದ ಹರಿಯುತ್ತಿರುವಾಗ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಪೈಪು ಧಡ್ಡೆಂದು ಬಡಿಯುತ್ತದೆ. ಪಂಪು ಕೊಡುವ ಒತ್ತಡಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಒತ್ತಡ ಆ ಕ್ಷಣದಲ್ಲಿ ಹುಟ್ಟುತ್ತದೆ. ಇಗ್ನಿಷನ್ ಕಾಯಿಲಿನಲ್ಲಿ ನಡೆಯುವುದೂ ಹೀಗೆಯೇ. ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಸುತ್ತು ಒಂದು, ಕೂದಲಿನಂಥ ತಂತಿಯ ಸುತ್ತು ಇನ್ನೊಂದು. ದಪ್ಪ ಸುತ್ತಿಗೆ ಬ್ಯಾಟರಿಯ 12 ವೋಲ್ಟ್ ಕೊಟ್ಟಾಗ ಕರೆಂಟು ಒಮ್ಮೆಲೇ ನುಗ್ಗುವುದಿಲ್ಲ, ಏರುತ್ತಾ ಹೋಗಿ ಸುಮಾರು 3 ಮಿಲಿಸೆಕೆಂಡಿನಲ್ಲಿ 7 ಆಂಪಿಯರ್ ಆಸುಪಾಸಿಗೆ ಬರುತ್ತದೆ. ಅಲ್ಲಿ ಅದನ್ನು ತಟ್ಟನೆ ಕಡಿದುಹಾಕಬೇಕು. ಕಡಿದ ಕ್ಷಣದಲ್ಲಿ ದಪ್ಪ ಸುತ್ತಿನಲ್ಲೇ 300ರಿಂದ 400 ವೋಲ್ಟ್ ಏಳುತ್ತದೆ. ಸಣ್ಣ ತಂತಿಯ ಸುತ್ತುಗಳು ದಪ್ಪ ತಂತಿಯದಕ್ಕಿಂತ ಎಂಬತ್ತು ನೂರು ಪಟ್ಟು ಹೆಚ್ಚಿರುವುದರಿಂದ ಆ ಬದಿಯಲ್ಲಿ 30 ಸಾವಿರ ವೋಲ್ಟಿಗೂ ಮೀರಿ ಏಳಬಲ್ಲದು. ಪ್ಲಗ್ಗಿನ ತುದಿಯಲ್ಲಿರುವ ಒಂದು ಮಿಲಿಮೀಟರಿನ ಆಸುಪಾಸಿನ ಸಂದನ್ನು ಹಾರಲು ಅದು ಸಾಕು. ಕಿಡಿ ಒಮ್ಮೆ ಹಾರಿದ ಮೇಲೆ ಅದನ್ನು ಉಳಿಸಿಕೊಳ್ಳಲು ಒಂದೆರಡು ಸಾವಿರ ವೋಲ್ಟ್ ಸಾಕಾಗುತ್ತದೆ; ಒಂದೆರಡು ಮಿಲಿಸೆಕೆಂಡು ಉರಿದು ಆರುತ್ತದೆ.

ಹಾಗಾದರೆ ಎಲೆಕ್ಟ್ರಾನಿಕ್ ಎನ್ನುವುದು ಎಲ್ಲಿದೆ? ಮೊದಲನೆಯದಾಗಿ, ಕರೆಂಟು ಕಡಿಯುವ ಕೆಲಸದಲ್ಲಿ. ಪಾಯಿಂಟಿನ ಜಾಗದಲ್ಲಿ ಈಗ ಬೆರಳುಗುರಿನಷ್ಟು ದೊಡ್ಡ ಅರೆವಾಹಕ ಸ್ವಿಚ್ ಕೂತಿದೆ. ಅದಕ್ಕೆ ಸವೆತವಿಲ್ಲ, ಹಳ್ಳದಿಬ್ಬ ಬೀಳುವುದಿಲ್ಲ. ಪಾಯಿಂಟು ಮೂರು ನಾಲ್ಕು ಆಂಪಿಯರಿಗಿಂತ ಹೆಚ್ಚು ತಡೆದುಕೊಳ್ಳುತ್ತಿರಲಿಲ್ಲ. ಇದು ಅದರ ಎರಡರಷ್ಟನ್ನು ಲೀಲಾಜಾಲವಾಗಿ ಕಡಿಯುತ್ತದೆ. ಕಾಯಿಲಿನಲ್ಲಿ ಕೂಡಿಡುವ ಶಕ್ತಿ ಕರೆಂಟಿನ ವರ್ಗಕ್ಕೆ ಅನುಗುಣವಾದದ್ದು, ಅಂದರೆ ಕರೆಂಟು ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಚಳಿಗಾಲದ ಬೆಳಗ್ಗೆ ಕೀ ತಿರುವಿದೊಡನೆ ಕಾರು ಸ್ಟಾರ್ಟ್ ಆಗುವುದರ ಹಿಂದೆ ಇದರ ಪಾಲು ದೊಡ್ಡದು. ಅಮೆರಿಕದ ಕ್ರೈಸ್ಲರ್ ಕಂಪನಿ 1973ರ ಹೊತ್ತಿಗೆ ತನ್ನ ಕಾರುಗಳಿಗೆಲ್ಲ ಪಾಯಿಂಟಿಲ್ಲದ ಇಗ್ನಿಷನ್ ಕೊಟ್ಟಿತು. ಇಗ್ನಿಷನ್ನನ್ನೂ ಪೆಟ್ರೋಲ್ ಸಿಂಪಡಣೆಯನ್ನೂ ಒಂದೇ ಪೆಟ್ಟಿಗೆಯಿಂದ ನಡೆಸುವ ಬಾಷ್‌ನ ಮೋಟ್ರಾನಿಕ್ 1979ರಲ್ಲಿ ಬಿಎಂಡಬ್ಲ್ಯು ಕಾರಿನಲ್ಲಿ ಬಂತು. ಇಂದು ಸಾಗರದ ರಸ್ತೆಯಲ್ಲಿ ಓಡುವ ಸಣ್ಣ ಪೆಟ್ರೋಲ್ ಕಾರೂ ಆ ಜಾಡಿನದೇ.

ಎರಡನೆಯದು ಸಮಯ. ನನ್ನನ್ನು ಇವತ್ತಿಗೂ ಬೆರಗುಗೊಳಿಸುವುದು ಇದು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕಿಡಿ ತಗುಲಿದೊಡನೆ ಪೂರ್ತಿ ಉರಿದುಬಿಡುವುದಿಲ್ಲ. ಬೆಂಕಿ ಪ್ಲಗ್ಗಿನ ಬಾಯಿಂದ ಸಿಲಿಂಡರಿನ ಅಂಚಿಗೆ ಹರಡಲು ಎರಡು ಮೂರು ಮಿಲಿಸೆಕೆಂಡು ಹಿಡಿಯುತ್ತದೆ. ಒತ್ತಡ ಅತಿ ಹೆಚ್ಚಾಗುವ ಹೊತ್ತಿಗೆ ಪಿಸ್ಟನ್ ತುದಿ ಮುಟ್ಟಿ, ಅದು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ಲೆಕ್ಕದಲ್ಲಿ ಸುಮಾರು 15 ಡಿಗ್ರಿ ಕೆಳಗೆ ಬಂದಿರಬೇಕು. ಹಾಗಾಗಬೇಕಾದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನಿ. ಒಂದು ಸುತ್ತಿಗೆ 20 ಮಿಲಿಸೆಕೆಂಡು, ಒಂದು ಡಿಗ್ರಿಗೆ ಸುಮಾರು 55 ಮೈಕ್ರೊಸೆಕೆಂಡು, ಅಂದರೆ ಸೆಕೆಂಡಿನ ಹದಿನೆಂಟು ಸಾವಿರದಲ್ಲಿ ಒಂದು ಭಾಗ. ಕಿಡಿ 30 ಡಿಗ್ರಿ ಮುಂಚೆ ಬೇಕು. ಕಾಯಿಲ್ ತುಂಬಲು ಬೇಕಾದ 3 ಮಿಲಿಸೆಕೆಂಡೆಂದರೆ ಆ ವೇಗದಲ್ಲಿ 54 ಡಿಗ್ರಿ. ಎರಡೂ ಸೇರಿ, ಪಿಸ್ಟನ್ ತುದಿ ಮುಟ್ಟಲು ಇನ್ನೂ 84 ಡಿಗ್ರಿ ಬಾಕಿ ಇರುವಾಗಲೇ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕಾಯಿಲಿಗೆ ಕರೆಂಟು ಬಿಡಲು ಶುರುಮಾಡಬೇಕು. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಆ ವೇಗದಲ್ಲಿ ಸೆಕೆಂಡಿಗೆ 100 ಕಿಡಿ. ಪ್ರತಿಯೊಂದಕ್ಕೂ ಈ ಲೆಕ್ಕ ಹೊಸದಾಗಿ ನಡೆಯುತ್ತದೆ.

ಈ ಲೆಕ್ಕಕ್ಕೆ ಆಧಾರ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿರುವ ಹಲ್ಲಿನ ಚಕ್ರ. ಅನೇಕ ಕಾರುಗಳಲ್ಲಿ ಅದರ ಸುತ್ತ 60 ಹಲ್ಲುಗಳಿಗೆ ಜಾಗವಿದ್ದು 58 ಹಲ್ಲುಗಳು ಮಾತ್ರ ಇರುತ್ತವೆ. ಎರಡು ಹಲ್ಲು ಬೇಕೆಂದೇ ಬಿಟ್ಟದ್ದು. ಪಕ್ಕದ ಸೆನ್ಸರ್ ಮುಂದೆ ಹಲ್ಲು ಹಾದಾಗಲೆಲ್ಲ ಒಂದು ಮಿಡಿತ ಇಸಿಎಂಗೆ ಹೋಗುತ್ತದೆ, ಹಲ್ಲಿನಿಂದ ಹಲ್ಲಿಗೆ 6 ಡಿಗ್ರಿ. ಖಾಲಿ ಜಾಗ ಬಂದಾಗ ಶಾಫ್ಟು ಎಲ್ಲಿದೆ ಎಂಬುದು ಅದಕ್ಕೆ ಖಚಿತವಾಗುತ್ತದೆ. ಆದರೆ ಪಿಸ್ಟನ್ ಎರಡು ಸುತ್ತಿನಲ್ಲಿ ಎರಡು ಸಲ ಮೇಲೆ ಬರುತ್ತದೆ. ಒಂದು ಸಲ ಮಿಶ್ರಣವನ್ನು ಒತ್ತಿಕೊಂಡು, ಇನ್ನೊಂದು ಸಲ ಹೊಗೆಯನ್ನು ಹೊರದೂಡುತ್ತಾ. ಈ ಬಾರಿ ಬಂದದ್ದು ಯಾವುದು ಎಂಬುದನ್ನು ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿನ ಸೆನ್ಸರ್ ಹೇಳುತ್ತದೆ. ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣಿದ ಮೇಲೆ ತಾನಾಗಿ ಸ್ಟಾರ್ಟ್ ಆಗುವ ಕಾರುಗಳಲ್ಲಿ ಪೆಟ್ರೋಲ್ ಪಂಪು ಬದಲಿಸುವ ಮೊದಲು ಈ ಸೆನ್ಸರನ್ನು ನೋಡಬೇಕು.

ಕಿಡಿ ಎಷ್ಟು ಮುಂಚೆ ಎಂಬುದು ಗಳಿಗೆಗಳಿಗೆಗೂ ಬದಲಾಗುತ್ತದೆ. ಹಳೆಯ ಡಿಸ್ಟ್ರಿಬ್ಯೂಟರಿನಲ್ಲಿ ವೇಗಕ್ಕೆ ತಕ್ಕಂತೆ ಹೊರಚೆಲ್ಲುವ ಎರಡು ತೂಕಗಳೂ ಸ್ಪ್ರಿಂಗುಗಳೂ, ಎಂಜಿನ್ ಗಾಳಿ ಹೀರುವ ಎಳೆತಕ್ಕೆ ಸ್ಪಂದಿಸುವ ಒಂದು ರಬ್ಬರ್ ಪೊರೆಯೂ ಸೇರಿ ಈ ಕೆಲಸವನ್ನು ಸ್ಥೂಲವಾಗಿ ನಿಭಾಯಿಸುತ್ತಿದ್ದವು. ಸ್ಪ್ರಿಂಗ್ ಸಡಿಲವಾದರೆ, ಪೊರೆ ಹರಿದರೆ ಮುಗಿಯಿತು. ಇಸಿಎಂ ತನ್ನ ನೆನಪಿನಲ್ಲಿರುವ ಕೋಷ್ಟಕದಲ್ಲಿ ವೇಗವನ್ನೂ ಒಳಬರುವ ಗಾಳಿಯ ಪ್ರಮಾಣವನ್ನೂ ನೋಡಿ ಡಿಗ್ರಿಯನ್ನು ಆರಿಸುತ್ತದೆ, ಕೂಲೆಂಟಿನ ಬಿಸಿ ಮತ್ತು ಗಾಳಿಯ ಬಿಸಿ ನೋಡಿ ತಿದ್ದುತ್ತದೆ. ಇದರ ಜತೆಗೆ ಬ್ಲಾಕಿಗೆ ಬೋಲ್ಟ್ ಹಾಕಿ ಕೂರಿಸಿದ ನಾಕ್ ಸೆನ್ಸರ್ ಎಂಬ ಕಿವಿಯೊಂದಿದೆ. ಮಿಶ್ರಣ ಬೆಂಕಿಯ ಅಲೆ ತಲುಪುವ ಮೊದಲೇ ತಾನಾಗಿ ಸಿಡಿದರೆ ಸಿಲಿಂಡರ್ ಸೆಕೆಂಡಿಗೆ ಆರೇಳು ಸಾವಿರ ಸಲ ಕಂಪಿಸುತ್ತದೆ. ಸೆನ್ಸರಿನೊಳಗಿನ ಹರಳು ಆ ಕಂಪನವನ್ನು ವೋಲ್ಟೇಜಾಗಿ ಮಾರ್ಪಡಿಸುತ್ತದೆ. ಇಸಿಎಂ ಕೂಡಲೇ ಕಿಡಿಯನ್ನು ಒಂದೆರಡು ಡಿಗ್ರಿ ಹಿಂದೆ ಸರಿಸಿ, ಸದ್ದು ನಿಂತ ಮೇಲೆ ಮೆಲ್ಲನೆ ಮುಂದೆ ತರುತ್ತದೆ. ಈ ಸೆನ್ಸರಿನ ಬೋಲ್ಟನ್ನು ಮನಸ್ಸಿಗೆ ಬಂದಷ್ಟು ಬಿಗಿಯಬಾರದು. ಹೆಚ್ಚಿನವಕ್ಕೆ 20 ನ್ಯೂಟನ್ ಮೀಟರ್ ಆಸುಪಾಸು ಬಿಗಿತ ಬೇಕು. ಹೆಚ್ಚಾದರೂ ಕಡಿಮೆಯಾದರೂ ಅದು ಕೇಳಿಸಿಕೊಳ್ಳುವುದು ತಪ್ಪುತ್ತದೆ.

ಮೂರನೆಯ ಬದಲಾವಣೆ ಕಾಯಿಲಿನ ಜಾಗ. ಮೊದಲು ಒಂದೇ ಕಾಯಿಲ್ ನಾಲ್ಕೂ ಸಿಲಿಂಡರಿಗೆ ದುಡಿಯುತ್ತಿತ್ತು. 6000 ಸುತ್ತಿನ ವೇಗದಲ್ಲಿ ಎರಡು ಕಿಡಿಗಳ ನಡುವೆ ಅದಕ್ಕೆ ಸಿಗುತ್ತಿದ್ದದ್ದು 5 ಮಿಲಿಸೆಕೆಂಡು. ಆಮೇಲೆ ಎರಡು ಸಿಲಿಂಡರಿಗೆ ಒಂದು ಕಾಯಿಲ್ ಬಂತು. ಒಂದು ಮತ್ತು ನಾಲ್ಕಕ್ಕೆ ಒಂದು, ಎರಡು ಮತ್ತು ಮೂರಕ್ಕೆ ಇನ್ನೊಂದು. ಈಗ ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೂ ಒಂದೊಂದು ಕಾಯಿಲ್. ಅದೇ ವೇಗದಲ್ಲಿ ಪ್ರತಿ ಕಾಯಿಲಿಗೆ 20 ಮಿಲಿಸೆಕೆಂಡು ದೊರೆಯುತ್ತದೆ. ಉದ್ದನೆಯ ಹೈಟೆನ್ಷನ್ ವೈರುಗಳು ಇಲ್ಲ, ಆದ್ದರಿಂದ ಮಲೆನಾಡಿನ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಕೂತು ಗಾಡಿ ಸ್ಟಾರ್ಟ್ ಆಗದ ಕಾಟವೂ ಇಲ್ಲ. ಕ್ಯಾಪು ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ ಕೊಟ್ಟ ಜುಲೈ ತಿಂಗಳುಗಳು ನನಗೆ ಚೆನ್ನಾಗಿ ನೆನಪಿವೆ. ಹಳೆಯದೇ ಚೆಂದವಿತ್ತು ಎನ್ನುವವರ ಜತೆ ನಾನು ಸೇರುವುದಿಲ್ಲ. ಈ ವ್ಯವಸ್ಥೆ ಎಲ್ಲ ರೀತಿಯಲ್ಲೂ ಉತ್ತಮವಾದದ್ದು.

ಈಗ ಆ ಲೇಖನ ಹೇಳಿದ ಸ್ಕ್ಯಾನರ್ ವಿಷಯ. ಎಂಜಿನ್ ಮಿಸ್ಸಿಂಗ್ ಹೊಡೆಯುವುದು ಇಸಿಎಂಗೆ ತಿಳಿಯುವುದು ಹೇಗೆ? ಬಹುತೇಕ ಕಾರುಗಳಲ್ಲಿ ಆ ಹಲ್ಲಿನ ಚಕ್ರದಿಂದಲೇ. ಒಂದು ಸಿಲಿಂಡರ್ ಉರಿದಾಗಲೆಲ್ಲ ಶಾಫ್ಟು ತುಸು ಮುನ್ನುಗ್ಗುತ್ತದೆ. ಉರಿಯದಿದ್ದರೆ ಆ ಭಾಗದ ಹಲ್ಲುಗಳು ಹಾದುಹೋಗಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಈ ತಡವನ್ನು ಗುರುತಿಸಿ, ಮೂರನೇ ಸಿಲಿಂಡರಿನ ಸರದಿಯಲ್ಲಿ ಹೀಗಾದರೆ ಪಿ0303 ಎಂಬ ಕೋಡ್ ಬರೆದಿಡುತ್ತದೆ. ಇಷ್ಟೇ ಅದರ ಅರ್ಥ. ಉರಿ ತಪ್ಪಲು ಕಾಯಿಲ್ ಕಾರಣವಿರಬಹುದು, ಪ್ಲಗ್ಗು ಇರಬಹುದು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕಟ್ಟಿಕೊಂಡಿರಬಹುದು, ವಾಲ್ವು ಸರಿಯಾಗಿ ಕೂರದೆ ಕಂಪ್ರೆಷನ್ ಸೋರುತ್ತಿರಬಹುದು, ಮನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನ ವೈರನ್ನು ಇಲಿ ಕಡಿದಿರಬಹುದು. ಪಿ0353 ಎಂಬ ಇನ್ನೊಂದು ಕೋಡ್ ಮೂರನೇ ಕಾಯಿಲಿನ ಸರ್ಕ್ಯೂಟಿನಲ್ಲಿ ತೊಂದರೆ ಎನ್ನುತ್ತದೆ. ಅಲ್ಲಿಯೂ ಸರ್ಕ್ಯೂಟ್ ಎಂದರೆ ಕಾಯಿಲ್ ಮಾತ್ರವಲ್ಲ, ಅದಕ್ಕೆ ಹೋಗುವ ವೈರು, ಕನೆಕ್ಟರಿನ ಪಿನ್ನು, ಅರ್ತಿಂಗ್ ಎಲ್ಲವೂ ಸೇರುತ್ತವೆ.

ಒಂದು ಉದಾಹರಣೆ ಹೇಳಬೇಕು. ನಮ್ಮ ಊರಿನ ಶಿಕ್ಷಕಿಯೊಬ್ಬರ ಕಾರು ಕಳೆದ ವರ್ಷ ನನ್ನ ಶೆಡ್ಡಿಗೆ ಬಂತು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅವರ ತವರು ಹೊನ್ನಾವರ. ಊರೊಳಗೆ ಓಡಿಸುವಾಗ ಏನೂ ತೊಂದರೆಯಿಲ್ಲ. ಹೊನ್ನಾವರದಿಂದ ಹಿಂದಿರುಗುವಾಗ ಗೇರುಸೊಪ್ಪೆ ದಾಟಿ ಘಾಟಿ ಹತ್ತತೊಡಗಿದೊಡನೆ ಕಾರು ಅದುರುತ್ತದೆ, ಎಳೆಯುವುದಿಲ್ಲ, ಲೈಟು ಮಿಣುಕುತ್ತದೆ. ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿ ಮೂರನೇ ಕಾಯಿಲ್ ಬದಲಿಸಿದರು. ಸರಿಯಾಯಿತು. ಕೆಲವು ವಾರ ಕಳೆದ ಮೇಲೆ ಮತ್ತೆ ಅದೇ ಘಾಟಿಯಲ್ಲಿ ಅದೇ ಕತೆ. ಈ ಸಲ ನಾಲ್ಕೂ ಕಾಯಿಲ್ ಒಟ್ಟಿಗೆ ಬದಲಿಸಿದರು. ಆ ಬಿಲ್ಲನ್ನು ಅವರು ನನಗೆ ತೋರಿಸಿದಾಗ ಹೊಟ್ಟೆ ಉರಿಯಿತು. ಏಕೆಂದರೆ ತೊಂದರೆ ಮತ್ತೆ ಬಂದಿತ್ತು, ಇಸಿಎಂ ಕೆಟ್ಟಿರಬೇಕು ಎಂಬ ಮಾತು ಆರಂಭವಾಗಿತ್ತು. ಅದರ ಬೆಲೆ ಕೇಳಿಯೇ ಅವರು ನನ್ನಲ್ಲಿಗೆ ಬಂದದ್ದು.

ಘಾಟಿಯಲ್ಲಿ ಮಾತ್ರ ಏಕೆ ಎಂಬುದನ್ನು ಮೊದಲು ಯೋಚಿಸಬೇಕಿತ್ತು. ಎಕ್ಸಲರೇಟರ್ ಒತ್ತದ ಐಡಲ್‌ನಲ್ಲಿ ಗಾಳಿ ಬಿಡುವ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಸಿಲಿಂಡರಿಗೆ ಬರುವ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಹತ್ತು ಸಾವಿರ ವೋಲ್ಟಿನ ಆಸುಪಾಸಿನಲ್ಲೇ ಕಿಡಿ ಹಾರಿಬಿಡುತ್ತದೆ. ಏರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಸಿಲಿಂಡರ್ ತುಂಬ ಗಾಳಿ. ಒತ್ತಡ ಹೆಚ್ಚಿದಷ್ಟೂ ಸಂದನ್ನು ಹಾರಲು ಹೆಚ್ಚು ವೋಲ್ಟ್ ಬೇಕು, ಇಪ್ಪತ್ತು ಸಾವಿರಕ್ಕೂ ಮೀರಬಹುದು. ಕಾಯಿಲಿನಿಂದ ಪ್ಲಗ್ಗಿನವರೆಗಿನ ದಾರಿಯಲ್ಲಿ ಇನ್ಸುಲೇಷನ್ ಎಲ್ಲಾದರೂ ದುರ್ಬಲವಾಗಿದ್ದರೆ ವಿದ್ಯುತ್ತು ಪ್ಲಗ್ಗಿನ ಸಂದನ್ನು ಬಿಟ್ಟು ಆ ಸುಲಭದ ದಾರಿ ಹಿಡಿಯುತ್ತದೆ. ಅಂದರೆ ಸೋರಿಕೆ ಹೈಟೆನ್ಷನ್ ಬದಿಯಲ್ಲಿದೆ. ಇಸಿಎಂ ಕೆಟ್ಟಿದ್ದರೆ ಅದು ಏರು ಇಳಿಜಾರು ನೋಡಿ ಕೆಡುವುದಿಲ್ಲ.

ಮೂರನೇ ಕಾಯಿಲ್ ಎತ್ತಿದೆ. ಕಾಯಿಲಿನ ತಲೆಯಿಂದ ಪ್ಲಗ್ಗಿನವರೆಗೆ ಇಳಿಯುವ ಕಪ್ಪು ರಬ್ಬರ್ ಕೊಳವೆ ಊದಿಕೊಂಡು ಮೆತ್ತಗಾಗಿತ್ತು, ಹಿಡಿದರೆ ಬೆರಳಿಗೆ ಎಣ್ಣೆ ಜಿಡ್ಡು. ಒಳಗಿನ ಸ್ಪ್ರಿಂಗಿನ ಬಳಿ ಸುಟ್ಟ ವಾಸನೆ. ಟಾರ್ಚ್ ಬಿಟ್ಟು ಪ್ಲಗ್ಗಿನ ಬಾವಿಯೊಳಗೆ ನೋಡಿದರೆ ತಳದಲ್ಲಿ ಎಂಜಿನ್ ಆಯಿಲ್ ಹೊಳೆಯುತ್ತಿತ್ತು. ಅದನ್ನು ಬಟ್ಟೆಯಿಂದ ಹೀರಿಸಿ, ಗಾಳಿ ಹೊಡೆದು ಚೊಕ್ಕ ಮಾಡಿದ ಮೇಲೆ ಪ್ಲಗ್ಗು ಬಿಚ್ಚಿದೆ. ಮೊದಲೇ ಬಿಚ್ಚಿದ್ದರೆ ಅಷ್ಟೂ ಸಿಲಿಂಡರಿಗೆ ಇಳಿಯುತ್ತಿತ್ತು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲಿಂದ ಕೆಳಕ್ಕೆ ಪೆನ್ಸಿಲಿನಲ್ಲಿ ಎಳೆದಂಥ ಸಪೂರವಾದ ಕಪ್ಪು ಗೆರೆ. ಕಿಡಿ ಒಳಗೆ ಹಾರದೆ ಪಿಂಗಾಣಿಯ ಮೈಮೇಲೆ ಹರಿದು ಲೋಹದ ಅಂಚಿಗೆ ಇಳಿದಿದ್ದರ ಗುರುತು ಅದು. ಸುಟ್ಟ ಕರಿಯು ವಿದ್ಯುತ್ತಿಗೆ ದಾರಿ ಕೊಡುತ್ತದೆ, ಹೀಗಾಗಿ ಒಮ್ಮೆ ಗೆರೆ ಬಿದ್ದರೆ ಪ್ರತಿ ಸಲವೂ ಅದೇ ಗೆರೆ ಹಿಡಿಯುತ್ತದೆ. ಎಣ್ಣೆ ಬಂದದ್ದು ಟ್ಯಾಪೆಟ್ ಕವರಿನ ಒಳಬದಿಯಲ್ಲಿ ಪ್ಲಗ್ಗಿನ ಬಾವಿಯ ಸುತ್ತ ಕೂರುವ ರಬ್ಬರ್ ಸೀಲಿನಿಂದ. ಎಂಜಿನ್ ಬಿಸಿಗೆ ಅದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೊಸ ಕಾಯಿಲ್ ಹಾಕಿದಾಗ ಅದರ ಹೊಸ ರಬ್ಬರ್ ಕೆಲವು ವಾರ ತಡೆದುಕೊಂಡಿತು, ಎಣ್ಣೆ ಕುಡಿದು ಅದೂ ಕೆಟ್ಟಿತು. ಮೊದಲ ಸಲ ಕಾಯಿಲ್ ನಿಜಕ್ಕೂ ಕೆಟ್ಟಿತ್ತು. ಅದನ್ನು ಕೆಡಿಸಿದ್ದು ಯಾವುದೆಂದು ಯಾರೂ ನೋಡಿರಲಿಲ್ಲ. ಕಾಯಿಲಿನ ಬೆಲೆಯ ಮುಂದೆ ಆ ಸೀಲಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಸೀಲು, ಗ್ಯಾಸ್ಕೆಟ್, ಒಂದು ಪ್ಲಗ್ಗು, ಒಂದು ರಬ್ಬರ್ ಕೊಳವೆ ಇಷ್ಟನ್ನು ಬದಲಿಸಿದೆವು. ಮಳೆಗಾಲವಿಡೀ ಆ ಕಾರು ಘಾಟಿ ಹತ್ತಿ ಇಳಿಯಿತು.

ಪ್ರತಿ ಪ್ರಕರಣವೂ ಹೀಗೇ ಇರುವುದಿಲ್ಲ. ಆದರೆ ಖರ್ಚಿಲ್ಲದ ಒಂದು ಪರೀಕ್ಷೆ ಎಲ್ಲರ ಕೈಗೂ ಎಟಕುವಂಥದ್ದು. ಮೂರನೇ ಸಿಲಿಂಡರಿನ ಕೋಡ್ ಬಂದರೆ ಆ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದರ ಕಾಯಿಲನ್ನು ಮೂರಕ್ಕೂ ಹಾಕಿ, ಕೋಡ್ ಅಳಿಸಿ, ಅದೇ ಪರಿಸ್ಥಿತಿಯಲ್ಲಿ ಓಡಿಸಿ ನೋಡುವುದು. ಕೋಡ್ ಪಿ0302 ಎಂದು ಬದಲಾದರೆ ದೋಷ ಕಾಯಿಲಿನ ಜತೆ ಹೋಯಿತೆಂದು ಅರ್ಥ. ಪಿ0303 ಆಗಿಯೇ ಉಳಿದರೆ ಕಾಯಿಲ್ ನಿರಪರಾಧಿ, ಪ್ಲಗ್ಗು ಇಂಜೆಕ್ಟರ್ ಕಂಪ್ರೆಷನ್ ಕಡೆ ಹೋಗಬೇಕು. ಇದಕ್ಕೆ ಬೇಕಾದದ್ದು 10ನೇ ನಂಬರಿನ ಸ್ಪ್ಯಾನರ್ ಮತ್ತು ತಾಳ್ಮೆ. ಆಸಿಲೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು. ಕಾಯಿಲಿನ ಕರೆಂಟನ್ನು ಪರದೆಯ ಮೇಲೆ ನೋಡಿದರೆ ಓರೆಯಾಗಿ ನಯವಾಗಿ ಏರುವ ಗೆರೆ ಕಾಣಬೇಕು. ಏರಿಕೆಯ ಮೊದಲಿಗೇ ಗೋಡೆಯಂತೆ ನೆಟ್ಟಗೆ ನಿಂತರೆ ಒಳಗಿನ ಸುತ್ತುಗಳು ಒಂದಕ್ಕೊಂದು ಕೂಡಿಕೊಂಡಿವೆ ಎಂದು ತಿಳಿಯುತ್ತದೆ. ಗೆರೆ ಆ 7 ಆಂಪಿಯರ್ ಆಸುಪಾಸಿಗೆ ಏರಲೇ ಇಲ್ಲವೆಂದರೆ ಸಪ್ಲೈ ಅಥವಾ ಅರ್ತಿಂಗ್ ನೋಡಬೇಕು. ನಮ್ಮ ಕಡೆಯ ತೇವಕ್ಕೆ ಅರ್ತ್ ವೈರಿನ ತುದಿಯಲ್ಲಿ ಹಸಿರು ಪುಡಿ ಕಟ್ಟಿಕೊಳ್ಳುವುದು ಮಾಮೂಲು. ಅದನ್ನು ಉಜ್ಜಿ ಬಿಗಿದದ್ದರಿಂದಲೇ ಸರಿಹೋದ ಕಾರುಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ನನ್ನ ಕಸುಬಿನ ಗೆಳೆಯರಿಗೂ ಎರಡು ಮಾತು. ಎಂಜಿನ್ ಓಡುತ್ತಿರುವಾಗ ಒಂದೊಂದೇ ಪ್ಲಗ್ ವೈರು ಕಿತ್ತು ಸದ್ದು ಕೇಳುವ ಹಳೆಯ ಅಭ್ಯಾಸವನ್ನು ಈ ಗಾಡಿಗಳಲ್ಲಿ ಬಿಟ್ಟುಬಿಡಿ. ಕಿಡಿಗೆ ದಾರಿ ಸಿಗದಿದ್ದರೆ ಆ ಮೂವತ್ತು ನಲವತ್ತು ಸಾವಿರ ವೋಲ್ಟ್ ಕಾಯಿಲಿನ ಒಳಗೇ ಇನ್ಸುಲೇಷನ್ನನ್ನು ಸೀಳುತ್ತದೆ, ಇಲ್ಲವೇ ನಿಮ್ಮ ಕೈಯನ್ನು ಹುಡುಕುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರನ್ನು ತೆರೆದ ಬಾನೆಟ್ಟಿನ ಹತ್ತಿರ ನಿಲ್ಲಿಸಬೇಡಿ. ಯಾವ ಸಿಲಿಂಡರ್ ದುಡಿಯುತ್ತಿಲ್ಲ ಎಂದು ನೋಡಬೇಕಿದ್ದರೆ ಇಂಜೆಕ್ಟರಿನ ಕನೆಕ್ಟರ್ ಬಿಚ್ಚಿ. ಆಗ ಉರಿಯದ ಪೆಟ್ರೋಲ್ ಹೊರಹೋಗುವುದೂ ತಪ್ಪುತ್ತದೆ. ಇರಿಡಿಯಂ ಪ್ಲಗ್ಗನ್ನು ವೈರ್ ಬ್ರಷ್ಷಿನಿಂದಾಗಲಿ ಎಮೆರಿ ಕಾಗದದಿಂದಾಗಲಿ ಉಜ್ಜಬೇಡಿ. ಅದರ ನಡುವಿನ ತುದಿ ಅರ್ಧ ಮಿಲಿಮೀಟರಿನಷ್ಟು ಸಪೂರ. 2400 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದ ಲೋಹವೇ ಆದರೂ ಉಜ್ಜಿದರೆ ಮುರಿಯುತ್ತದೆ.

ಕಾರು ಓಡಿಸುವವರು ನೆನಪಿಡಬೇಕಾದ ಮುಖ್ಯ ಸಂಗತಿ ಒಂದಿದೆ, ಅದನ್ನು ಆ ಲೇಖನ ಹೇಳಲೇ ಇಲ್ಲ. ಚೆಕ್ ಎಂಜಿನ್ ಲೈಟು ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಬರಬಹುದು. ಮಿಣುಕತೊಡಗಿದರೆ ಎಕ್ಸಲರೇಟರಿನಿಂದ ಕಾಲು ಸಡಿಲಿಸಿ, ಅವಕಾಶ ಸಿಕ್ಕ ಕಡೆ ನಿಲ್ಲಿಸಬೇಕು. ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಜೇನುಗೂಡಿನಂಥ ಒಳಗಿನ ಪಿಂಗಾಣಿ ಕಾದು ಕರಗಿ ಮುಚ್ಚಿಕೊಳ್ಳುತ್ತದೆ. ಅದರಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುವುದರಿಂದ ಬೆಲೆ ಕೇಳಿದರೆ ಎದೆ ನಡುಗುತ್ತದೆ. 2020ರ ಏಪ್ರಿಲ್‌ನಿಂದ ದೇಶಾದ್ಯಂತ ಬಿಎಸ್ 6 ಎಂಬ ಹೊಗೆ ನಿಯಮ ಜಾರಿಗೆ ಬಂದ ಮೇಲಿನ ಕಾರುಗಳಲ್ಲಿ ಹೊಗೆಯನ್ನು ಶುದ್ಧವಾಗಿಡುವುದು ಆ ಕನ್ವರ್ಟರೇ. ಒಂದು ಪ್ಲಗ್ಗಿನ ಅಲಕ್ಷ್ಯ ಅದನ್ನು ಸುಟ್ಟರೆ ಮಾಲೀಕರಿಗೂ ನಷ್ಟ, ಆ ಕಾರಿನ ಹಿಂದೆ ಬರುವ ಸ್ಕೂಟರಿನವರಿಗೂ ಕೇಡು.

ಸಂಪಾದಕರೇ, ನನ್ನ ಬೇಡಿಕೆ ಇಷ್ಟು. ಸರ್ವಿಸ್ ಸೆಂಟರಿನ ಬಿಲ್ಲಿನಲ್ಲಿ ಬದಲಿಸಿದ ಭಾಗದ ಹೆಸರಿನ ಪಕ್ಕದಲ್ಲಿ ಯಾವ ಪರೀಕ್ಷೆಯಿಂದ ಅದು ಕೆಟ್ಟಿದೆ ಎಂದು ತೀರ್ಮಾನಿಸಿದರು ಎಂಬ ಒಂದು ಸಾಲು ಇರಬೇಕು. ತೆಗೆದ ಹಳೆಯ ಭಾಗವನ್ನು ಮಾಲೀಕರು ಕೇಳಿ ಪಡೆದುಕೊಳ್ಳಬೇಕು. ಶಿಕ್ಷಕಿಯವರು ಮೊದಲ ಕಾಯಿಲನ್ನು ಮನೆಗೆ ತಂದಿದ್ದರೆ ಅದರ ರಬ್ಬರಿನ ಎಣ್ಣೆ ಜಿಡ್ಡು ಅಂದೇ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಐಟಿಐಗಳಲ್ಲಿ ಮೋಟಾರ್ ವಾಹನ ಕಲಿಯುವ ಹುಡುಗ ಹುಡುಗಿಯರ ಕೈಗೆ ಸ್ಕ್ಯಾನರಿನ ಜತೆಗೆ ಆಸಿಲೋಸ್ಕೋಪನ್ನೂ, ಬಿಚ್ಚಿ ಜೋಡಿಸಲು ಓಡುವ ಎಂಜಿನ್ನನ್ನೂ ಕೊಡಬೇಕು. ನನ್ನ ಶೆಡ್ಡಿಗೆ ಕೆಲಸ ಕಲಿಯಲು ಬರುವವರು ಕೋಡ್‌ಗಳನ್ನು ಬಾಯಿಪಾಠ ಹೇಳುತ್ತಾರೆ. 12 ವೋಲ್ಟ್ 30 ಸಾವಿರವಾಗುವುದು ಹೇಗೆ ಎಂದು ಕೇಳಿದರೆ ನೆಲ ನೋಡುತ್ತಾರೆ. ತಪ್ಪು ಅವರದಲ್ಲ, ಅವರಿಗೆ ಯಾರೂ ತೋರಿಸಿಲ್ಲ. ನಿಮ್ಮ ವಾಹನ ಪುಟದಲ್ಲಿ ಹೊಸ ಕಾರುಗಳ ಬಣ್ಣ, ಬೆಲೆ, ಮೈಲೇಜಿನ ಜತೆಗೆ ವಾರಕ್ಕೊಂದು ಭಾಗದ ಕೆಲಸವನ್ನು ಚಿತ್ರ ಸಮೇತ ವಿವರಿಸುವ ಅಂಕಣವೊಂದನ್ನು ದಯವಿಟ್ಟು ಆರಂಭಿಸಿ. ಇಗ್ನಿಷನ್ ಕಾಯಿಲನ್ನು ಕತ್ತರಿಸಿ ಒಳಗಿನ ಎರಡು ಸುತ್ತುಗಳು ಕಾಣುವಂತೆ ಮಾಡಿಟ್ಟ ಮಾದರಿ ನನ್ನ ಬಳಿ ಇದೆ. ಚಿತ್ರ ತೆಗೆಯಲು ನಿಮ್ಮ ವರದಿಗಾರರು ಯಾವ ದಿನ ಬಂದರೂ ತೆಗೆದುಕೊಡುತ್ತೇನೆ.

ಇಂತಿ ನಿಮ್ಮ ಓದುಗ,
ಆಟೋ ಎಲೆಕ್ಟ್ರಿಷಿಯನ್, ಸಾಗರ, ಶಿವಮೊಗ್ಗ ಜಿಲ್ಲೆ